ಉದ್ದ ತೋಳಿನ ಕೋಟು

ಊರವರಿಗೆಲ್ಲ ಅಳತೆ ನೋಡಿ ಹೊಲಿದುಕೊಡುವ ದರ್ಜಿಯ ಗಂಡನ ಕೋಟಿನ ತೋಳು ಬೆರಳ ಗೆಣ್ಣಿನವರೆಗೆ ಇಳಿಬಿದ್ದಿತ್ತು. ಮದುವೆಯಾದಾಗಿನಿಂದ ಅವಳ ಗಂಟಲಲ್ಲಿ ಸಿಕ್ಕಿಕೊಂಡ ಮುಳ್ಳು ಇದೇ. ಅವಳು ಹೊಲಿದ ಕೋಟು ತೊಟ್ಟು ವಕೀಲರು ಮೊಕದ್ದಮೆ ಗೆದ್ದಿದ್ದರು, ಸಾಧಾರಣ ಮುಖದ ವರರೂ ಒಪ್ಪಿಗೆಯಾಗಿದ್ದರು. ಅವಳ ಗಂಡ ಮಾತ್ರ ಚಳಿಗಾಲ ಬಂತೆಂದರೆ ನೌಕಾಪಡೆಯ ಆ ಕಡುನೀಲಿ ಕೋಟಿನೊಳಗೆ ಹೊಕ್ಕು, ಅಣ್ಣನ ಬಟ್ಟೆ ತೊಟ್ಟ ತಮ್ಮನ ಹಾಗೆ ಬೀದಿ ಸುತ್ತುತ್ತಿದ್ದ.

ಯುದ್ಧಕಾಲದಲ್ಲಿ ತಾನು ಹಡಗಿನ ಅಡುಗೆಕೋಣೆಯಲ್ಲಿ ಆಲೂಗಡ್ಡೆ ಸುಲಿಯುತ್ತಿದ್ದೆ ಎಂದು ಅವನೇ ಹೇಳಿಕೊಳ್ಳುತ್ತಿದ್ದ. ಆದರೂ ಬೀದಿಗೆ ಅವನು ಕ್ಯಾಪ್ಟನ್. ಗೌರವಕ್ಕೋ ಗೇಲಿಗೋ ಎನ್ನುವುದು ಕರೆದವರ ಮುಖ ನೋಡಿದರೆ ತಿಳಿಯುತ್ತಿತ್ತು.

"ಏನಕ್ಕಾ, ನಿಮ್ಮನೆ ಗಿರಾಕಿಗೆ ನನ್ನ ಕತ್ತರಿ ಕಳಿಸ್ಲಾ?" ಎಂದು ಎದುರಂಗಡಿಯ ಕ್ಷೌರಿಕ ಕೇಳುತ್ತಿದ್ದ.

"ನಿನ್ನ ಕತ್ತರಿಗೆ ಕೂದಲೇ ಕತ್ತರಿಸೋಕೆ ಬರಲ್ಲ, ಸುಮ್ನಿರಪ್ಪ," ಎನ್ನುತ್ತಿದ್ದಳು. ಅವನ ಮಾತು ಮಾತ್ರ ನಾಟಿರುತ್ತಿತ್ತು.

ತೋಳು ಗಿಡ್ಡ ಮಾಡಿಕೊಡುತ್ತೇನೆಂದು ಎಷ್ಟು ಸಲ ಹೇಳಿದರೂ ಗಂಡನದು ಒಂದೇ ಉತ್ತರ: "ಬೇಡ, ಹಾಗೇ ಇರಲಿ."

ಈ ಸಲ ಬಂದರಿನಲ್ಲಿ, ಯುದ್ಧದಲ್ಲಿ ಮುಳುಗಿದ ಹಡಗುಗಳ ನೆನಪಿಗೆ ಕಲ್ಲು ನಿಲ್ಲಿಸುತ್ತಿದ್ದರು. ಬದುಕುಳಿದ ನಾವಿಕರು ಕೋಟು ತೊಟ್ಟು ಬರಬೇಕೆಂದು ಹೇಳಿಕಳಿಸಿದ್ದರು. ಫೋಟೋ ಬೇರೆ ತೆಗೆಯುತ್ತಾರೆ! ಅವನು ಸ್ನಾನಕ್ಕೆ ಹೋದ ಹೊತ್ತು ನೋಡಿ ಅವಳು ಎಡತೋಳಿನ ಹೊಲಿಗೆ ಬಿಚ್ಚಿದಳು. ಒಳಗೆ ಮಡಿಕೆಯೇ ಇರಲಿಲ್ಲ. ಯಾರೋ ಅದನ್ನು ಹಿಂದೆಯೇ ಬಿಚ್ಚಿ ತೋಳನ್ನು ಉದ್ದ ಮಾಡಿದ್ದರು. ಹಳೆಯ ಮಡಿಕೆಯ ಗೆರೆ ಮಾತ್ರ ಉಳಿದಿತ್ತು. 'ಯಾವ ಗೂಬೆ ದರ್ಜಿಯ ಕೆಲಸವೋ' ಎಂದು ಬೈದುಕೊಂಡು, ಆ ಗೆರೆಯ ಗುಂಟ ಕತ್ತರಿ ಆಡಿಸಿಬಿಟ್ಟಳು.

ತಲೆ ಒರೆಸಿಕೊಳ್ಳುತ್ತ ಬಂದವನು ಮೇಜಿನ ಮೇಲಿನ ನೀಲಿ ತುಂಡನ್ನು ನೋಡಿದ. ಕೂಗಾಡುತ್ತಾನೆಂದುಕೊಂಡಳು. ಅವನು ತುಂಡನ್ನು ಕೈಗೆತ್ತಿಕೊಂಡು ಕುಳಿತ.

"ಇದು ನನ್ನ ಕೋಟಲ್ಲ ಕಣೇ."

"ಮತ್ಯಾರದು?"

"ಏಣಿದು. ಏಣಿ ಅಂತಿದ್ವಿ ಅವನನ್ನ, ಅಷ್ಟೆತ್ತರ. ಅವನ ಅಳತೆಗೇ ತೋಳು ಬಿಚ್ಚಿಸಿದ್ದು." ತುಂಡನ್ನು ಬೆರಳಿಗೆ ಸುತ್ತಿಕೊಂಡ. "ಡೆಕ್ ಮೇಲೆ ಕಾವಲಿಗೆ ಅಡುಗೆಯವರನ್ನೂ ನಿಲ್ಲಿಸ್ತಿದ್ರು. ದಪ್ಪ ಕೋಟು ಎಲ್ಲರಿಗೂ ಇರ್ಲಿಲ್ಲ. ಪಾಳಿ ಮುಗಿಸಿದೋನು ತನ್ನದನ್ನ ಬಿಚ್ಚಿ ಮುಂದಿನವನಿಗೆ ತೊಡಿಸ್ತಿದ್ದ, ಬಿಸಿ ಆರೋ ಮೊದಲೇ. ಅವತ್ತು ಏಣಿ ನನಗೆ ತೊಡಿಸಿದ. 'ತೋಳೊಳಗೆ ಕಳೆದುಹೋಗ್ಬೇಡ ಮಗನೇ' ಅಂತ ನಕ್ಕು, ಕೆಳಗೆ ಮಲಗೋಕೆ ಹೋದ. ಟಾರ್ಪಿಡೊ ಹೊಡೆದಿದ್ದು ಕೆಳಗೇ."

ಅವಳು ಕತ್ತರಿಯನ್ನು ಸದ್ದಾಗದಂತೆ ಕೆಳಗಿಟ್ಟಳು.

"ನನ್ನ ಪಾಳಿ ಬಿಡಿಸೋಕೆ ಆಮೇಲೆ ಯಾರೂ ಬರ್ಲಿಲ್ಲ," ಎಂದ.

"ಇಷ್ಟು ವರ್ಷ ಬಾಯಿ ಬಿಡೋಕೇನಾಗಿತ್ತು ನಿಮಗೆ? ಬರೀ ಆಲೂಗಡ್ಡೆ ಪುರಾಣ ಹೇಳ್ಕೊಂಡು!"

"ಆಲೂಗಡ್ಡೆನೂ ನಿಜಾನೇ."

ಅವಳು ಸೂಜಿಗೆ ದಾರ ಪೋಣಿಸಿದಳು. ಆ ತುಂಡನ್ನು ಯಂತ್ರಕ್ಕೆ ಕೊಡದೆ ಕೈಯಲ್ಲೇ ಮತ್ತೆ ತೋಳಿಗೆ ಹೊಲಿದಳು. ದಪ್ಪ ಉಣ್ಣೆ, ಎಷ್ಟು ನಾಜೂಕಾಗಿ ಕೂಡಿಸಿದರೂ ಗಾಯದ ಕಲೆಯಂತೆ ಗೆರೆ ಎದ್ದಿತು.

"ಹೊಲಿಗೆ ಕಾಣುತ್ತೆ ರೀ."

"ಕಾಣಲಿ ಬಿಡು."

ಸಮಾರಂಭ ಮುಗಿಸಿ ಅವನು ಸಂಜೆ ಹಿಂದಿರುಗಿದ. ಕೋಟನ್ನು ಎಂದೂ ಗೂಟಕ್ಕೆ ಹಾಕಿದವನಲ್ಲ. ಕೂಗಿದರೆ ಎದ್ದು ತೊಡಬೇಕೆನ್ನುವಂತೆ ಕುರ್ಚಿಯ ಬೆನ್ನಿಗೇ ಹಾಕುತ್ತಿದ್ದ. ಅದರ ಅರ್ಥ ಅವಳಿಗೆ ಈಗಷ್ಟೇ ಹೊಳೆದಿತ್ತು. ಬಾಗಿಲಲ್ಲೇ ಕೈ ಚಾಚಿದಳು.

"ಕೊಡಿ ಇಲ್ಲಿ. ಬಿಸಿ ಆರಿಹೋಗೋ ಮೊದಲು."

ಅವನು ಬಿಚ್ಚಿದ. ಅವಳು ತೊಟ್ಟಳು. ಅಂಚು ಮೊಣಕಾಲು ದಾಟಿತು, ಬೆರಳುಗಳು ಮಾಯವಾದವು. ಎದುರಂಗಡಿಯಲ್ಲಿ ಕ್ಷೌರಿಕನ ಕತ್ತರಿ ಗಿರಾಕಿಯ ತಲೆಯ ಮೇಲೆ ನಿಂತೇಹೋಯಿತು.

ಗಂಡ ಅವಳನ್ನೇ ನೋಡಿದ. "ತೋಳು ಉದ್ದ ಆಯ್ತು ನಿನಗೆ."

"ಗೊತ್ತು. ನೀವು ಹೋಗಿ ಮಲಕ್ಕೊಳ್ಳಿ."

ಅವನು ಹೋಗಿ ಮಲಗಿದ. ಒಲೆ ಹಚ್ಚಲು ಅವಳು ತೋಳು ಮಡಚಬೇಕಾಯಿತು, ಮಡಚಿಕೊಂಡಳು.