ಇಪ್ಪತ್ತೈದನೆಯ ವರ್ಷದ ಸುರಗಿ

ನಾನು ಸರ್ವೇಯರ್. ಇಂಡಿ ತಾಲ್ಲೂಕಿನ ಅಣ್ಣತಮ್ಮಂದಿರ ಬದುವಿನ ಜಗಳದ ನಡುವೆ ಚೈನು ಹಿಡಿದು ನಿಲ್ಲುವುದು ನನ್ನ ಇಪ್ಪತ್ತೆಂಟು ವರ್ಷದ ಕಸುಬು. ಎಡಗಡೆಯವನು ಬೈಯಲಿ, ಬಲಗಡೆಯವನು ಬೈಯಲಿ, ಗಡಿ ಎಲ್ಲಿದೆಯೋ ಅಲ್ಲೇ ಇದೆ ಎಂದು ಹೇಳಿ ಸಹಿ ಹಾಕಿಸಿಕೊಂಡು ಬರುತ್ತೇನೆ. ಮನೆಯಲ್ಲೂ ಅದೇ ರೂಢಿ. ಊರವರು ಇದಕ್ಕೆ ಶ್ರೀಶೈಲಪ್ಪ ಸಮಾಧಾನದ ಮನುಷ್ಯ ಅನ್ನುತ್ತಾರೆ. ನನ್ನ ಹೆಂಡತಿ ವಿದ್ಯಾವತಿ ಅನ್ನುವುದು ಬೇರೆ, ಅದನ್ನು ಇಲ್ಲಿ ಬರೆಯುವುದಿಲ್ಲ.

ಏಪ್ರಿಲ್ ಕೊನೆಯ ಶನಿವಾರ ಅನಿಲ ಮುದ್ದೇಬಿಹಾಳದಿಂದ ಬಂದ. ಅಲ್ಲಿಯ ಒಂದು ಸಹಕಾರಿ ಬ್ಯಾಂಕಿನಲ್ಲಿ ಅವನು ಕ್ಲರ್ಕು. ನನ್ನ ತಮ್ಮ ಸಿದ್ದಲಿಂಗನ ಮಗ. ನಮಗೆ ಮಕ್ಕಳಾಗಲಿಲ್ಲ, ಹಾಗಾಗಿ ಮನೆಗೆಲ್ಲ ಅವನೊಬ್ಬನೇ. ಚೀಲ ಇಳಿಸುವ ಮೊದಲೇ ಮೊಬೈಲನ್ನು ನನ್ನ ಮೂಗಿನ ಹತ್ತಿರ ಹಿಡಿದ.

“ದೊಡ್ಡಪ್ಪ, ಮೇ ಹದಿನಾಲ್ಕಕ್ಕ ರೂಮ್ ಬುಕ್ ಮಾಡೇನಿ. ಎರಡು ದಿನ. ನಿಮ್ಮಿಬ್ಬರ ಇಪ್ಪತ್ತೈದನೇ ವರ್ಷದ್ದು. ಬ್ಯಾಡ ಅನ್ನಬ್ಯಾಡ್ರಿ, ರೊಕ್ಕ ವಾಪಸ್ ಕೊಡಂಗಿಲ್ಲ ಅವರು.”

ಝಳಕಿ ದಾಟಿ ಸೊಲ್ಲಾಪುರದ ಕಡೆ ಹೋಗುವ ಹೆದ್ದಾರಿಯ ಪಕ್ಕದಲ್ಲಿ ಹೊಸದಾಗಿ ಎದ್ದಿರುವ ನೀರಾಟದ ಪಾರ್ಕು ಅದು. ಫೋಟೋದಲ್ಲಿ ಗಾರೆಯ ಆನೆಯೊಂದು ಸೊಂಡಿಲಿನಿಂದ ನೀರು ಕಾರುತ್ತಿತ್ತು. ನಾನು ಕನ್ನಡಕ ಸರಿಮಾಡಿಕೊಂಡು ಆನೆಯನ್ನೇ ನೋಡುತ್ತ ಕುಳಿತೆ. ಅಡುಗೆಮನೆಯಲ್ಲಿ ರೊಟ್ಟಿ ಬಡಿಯುವ ಸದ್ದು ನಿಂತುಹೋಗಿತ್ತು. ಬಡಿಯುತ್ತಿದ್ದವಳು ಭುವನೇಶ್ವರಿ, ಅನಿಲನ ತಾಯಿ.

ಸಂಗತಿ ಇಷ್ಟು. ಭುವನೇಶ್ವರಿ ನನ್ನ ಹೆಂಡತಿಯ ಸ್ವಂತ ತಂಗಿ. ಅಕ್ಕನನ್ನು ಅಣ್ಣನಿಗೆ, ತಂಗಿಯನ್ನು ತಮ್ಮನಿಗೆ ಕೊಟ್ಟು ಒಂದೇ ಹಂದರದಲ್ಲಿ ಎರಡು ಮದುವೆ ಮುಗಿಸಿದ್ದರು. ಒಂದೇ ಅಡುಗೆ, ಒಂದೇ ಬ್ಯಾಂಡು. ಎರಡು ಜೋಡಿಗೂ ಅಕ್ಕಿಕಾಳು ಬಿದ್ದದ್ದು ಒಂದೇ ಗಳಿಗೆಯಲ್ಲಿ. ಅಂದಮೇಲೆ ಮೇ ಹದಿನಾಲ್ಕು ನನ್ನ ಮದುವೆಯ ದಿನ ಹೇಗೋ ಭುವನೇಶ್ವರಿಯ ಮದುವೆಯ ದಿನವೂ ಹಾಗೆಯೇ.

ಸಿದ್ದಲಿಂಗ ಒಂಬತ್ತು ವರ್ಷದ ಹಿಂದೆ ಎದೆನೋವು ಬಂದು ತೀರಿಕೊಂಡ. ಶಾಲೆಯ ಮಾಸ್ತರ, ನಲವತ್ತೂ ತುಂಬಿರಲಿಲ್ಲ. ಅವನ ನೌಕರಿಯ ಬದಲಿಗೆ ಭುವನೇಶ್ವರಿಗೆ ಶಿಕ್ಷಣ ಇಲಾಖೆಯ ಕಚೇರಿಯಲ್ಲಿ ಗುಮಾಸ್ತೆಯ ಕೆಲಸ ಸಿಕ್ಕಿತು. ಮುಂದಿನ ಮೇ ಹದಿನಾಲ್ಕರಂದು ವಿದ್ಯಾವತಿ ರೂಢಿಯಂತೆ ಹೋಳಿಗೆಗೆ ಬೇಳೆ ಹಾಕಿದ್ದಳು. ನಾನೇ ಒಲೆಯ ಮುಂದೆ ಹೋಗಿ ನಿಂತು, ಬೇಡ, ಅದನ್ನು ಸಾರಿಗೆ ಹಾಕು ಅಂದೆ. ಅವಳು ಹಾಕಿದಳು. ಅಂದಿನಿಂದ ಆ ದಿನ ನಮ್ಮ ಮನೆಯಲ್ಲಿ ಬರಿಯ ಒಂದು ತಾರೀಖು. ಇದು ದೊಡ್ಡ ತ್ಯಾಗ ಎಂದು ನನಗೆ ಅನ್ನಿಸುತ್ತಿತ್ತು, ಯಾರಿಗೂ ಹೇಳಿಕೊಳ್ಳದೆ ಮಾಡುತ್ತಿದ್ದೇನೆ ಎಂಬ ಹೆಮ್ಮೆಯೂ ಇತ್ತು. ಈಗ ಭುವನೇಶ್ವರಿಯ ಹೊಟ್ಟೆಯಲ್ಲಿ ಹುಟ್ಟಿದ ಮಗನೇ ಬಂದು ಅದನ್ನು ಮುರಿದಿದ್ದ.

“ಬ್ಯಾಡ ಬಿಡಪಾ. ಬಿಸಲ ಬಾಳ ಐತಿ,” ಅಂದೆ.

ಒಳಗಿನಿಂದ ಭುವನೇಶ್ವರಿ ಹೇಳಿದಳು, “ಹೋಗೂಣ್ರಿ ಮಾವಾರ. ಹುಡುಗ ಆಸಿ ಪಟ್ಟ ಮಾಡ್ಯಾನ.” ಅಕ್ಕನ ಗಂಡನಾಗುವವನೆಂದು ಮದುವೆಗೆ ಮೊದಲು ಕರೆಯತೊಡಗಿದ್ದನ್ನೇ ಅವಳು ಇಂದಿಗೂ ಕರೆಯುವುದು. ರೊಟ್ಟಿಯ ಸದ್ದು ಮತ್ತೆ ಶುರುವಾಯಿತು.

ಅವಳು ಒಪ್ಪಿದ್ದರಿಂದ ನನಗೆ ಇನ್ನೂ ಕಷ್ಟವಾಯಿತು. ಆ ದಿನ ಅವಳು ಎಲ್ಲರೆದುರು ಅತ್ತುಬಿಟ್ಟರೆ ಏನು ಗತಿ ಎಂಬುದೊಂದೇ ನನ್ನ ಚಿಂತೆ. ಅವಳು ಅತ್ತರೆ ನನ್ನವ್ವ ಬಾಳಮ್ಮ ತಡೆದುಕೊಳ್ಳುವವಳಲ್ಲ. ಸತ್ತ ಮಗನ ಹೆಸರು ಕಿವಿಗೆ ಬಿದ್ದರೆ ಸಾಕು, ಊಟ ಬಿಟ್ಟು ಮಲಗುತ್ತಾಳೆ. ಅವಳಿಗೆ ಎಪ್ಪತ್ತಾರು ವರ್ಷ.

ಹದಿನಾಲ್ಕರ ಬೆಳಿಗ್ಗೆ ಐದೂ ಜನ ಕಾರಿನಲ್ಲಿ ಹೊರಟೆವು. ಅವ್ವ ಮುಂದಿನ ಸೀಟು ಹಿಡಿದು, ದಾರಿಯುದ್ದಕ್ಕೂ ಅನಿಲನಿಗೆ ನಿಧಾನ ಹೊಡೆಯಲು ಹೇಳುತ್ತ ಕುಳಿತಳು. ಝಳಕಿಯಲ್ಲಿ ಚಹಕ್ಕೆ ನಿಂತಾಗ ಅನಿಲ ನನ್ನ ಕಾಲಿಗೂ ವಿದ್ಯಾವತಿಯ ಕಾಲಿಗೂ ಬಿದ್ದ. ಅವನ ತಾಯಿ ಪಕ್ಕದಲ್ಲೇ ನಿಂತು ಲೋಟದ ಚಹ ಊದುತ್ತಿದ್ದಳು. ಆ ತಾರೀಖಿನ ವಿಷಯದಲ್ಲಿ ಅವಳ ಕಡೆ ನೋಡಬಾರದು ಎಂದು ಹುಡುಗನಿಗೆ ಕಲಿಸಿದವನು ನಾನೇ, ಈಗ ಬೇರೆಯವರನ್ನು ಅನ್ನುವಂತಿಲ್ಲ.

ಪಾರ್ಕಿನ ಬಗ್ಗೆ ಹೇಳುವುದು ಬಹಳವೇನಿಲ್ಲ. ಹತ್ತು ಎಕರೆ ಎಂದು ಬೋರ್ಡಿನಲ್ಲಿ ಬರೆದಿದ್ದರು. ನನ್ನ ಕಣ್ಣಿಗೆ ಆರೂವರೆಗಿಂತ ಹೆಚ್ಚು ಕಾಣಲಿಲ್ಲ. ಸಿಂದಗಿ, ಚಡಚಣ, ಬಸವನ ಬಾಗೇವಾಡಿ ಕಡೆಯ ಕುಟುಂಬಗಳೆಲ್ಲ ಅಲ್ಲಿದ್ದವು. ಗಂಡಸರು ಬಾಡಿಗೆಯ ಚಡ್ಡಿಯಲ್ಲಿ ಹೊಟ್ಟೆ ಒಳಗೆಳೆದುಕೊಂಡು ನಡೆಯುತ್ತಿದ್ದರು. ಹೆಂಗಸರು ಚೂಡಿದಾರದ ಮೇಲೆಯೇ ಅಲೆಯ ಕೊಳಕ್ಕೆ ಇಳಿದು, ಅಲೆ ಬಂದಾಗ ಒಬ್ಬರನ್ನೊಬ್ಬರು ಹಿಡಿದು ನಗುತ್ತಿದ್ದರು. ವಿದ್ಯಾವತಿ ಸೀರೆ ಮಂಡಿಗೆ ಎತ್ತಿ ದಂಡೆಯಲ್ಲಿ ಕುಳಿತಳು. ಅವ್ವ ನೆರಳು ಹುಡುಕಿಕೊಂಡು, ಬೇಡವೆಂದರೂ ಗಾರೆಯ ಆನೆಗೆ ಕೈ ಮುಗಿದಳು.

ಭುವನೇಶ್ವರಿ ಮೂರು ಅಂತಸ್ತಿನ ಜಾರುಬಂಡಿಯ ಸಾಲಿನಲ್ಲಿ ನಿಂತಿದ್ದಳು. ಹುಡುಗ ಹುಡುಗಿಯರ ನಡುವೆ ಒಬ್ಬಳೇ, ತುಂಬುತೋಳಿನ ಚೂಡಿದಾರ ಹಾಕಿಕೊಂಡು. ಮೇಲಿಂದ ಜಾರಿ ಬಂದು ನೀರಿಗೆ ಬಿದ್ದಳು, ಎದ್ದು ಮೂಗು ಒರೆಸಿಕೊಂಡಳು, ಮತ್ತೆ ಹೋಗಿ ಸಾಲಿನಲ್ಲಿ ನಿಂತಳು. ಹೀಗೆ ಐದು ಸಲ. ಪ್ರತಿ ಸಲವೂ ನಾನು ಅವಳ ಮುಖ ನೋಡಿದೆ. ಮುಖ ಒದ್ದೆಯಾಗಿತ್ತು, ಅದರಿಂದ ಏನೂ ತಿಳಿಯುತ್ತಿರಲಿಲ್ಲ.

“ಎಷ್ಟ ನೋಡ್ತೀರಿ ಆಕೀನ,” ಅಂದಳು ವಿದ್ಯಾವತಿ. “ಆಕಿ ಜಾರಾಕತ್ತಾಳ. ನೀವ್ಯಾಕ ಉಸರ ಹಿಡದ ಕುಂತೀರಿ?”

ಮಧ್ಯಾಹ್ನ ಊಟವಾದ ಮೇಲೆ ಅನಿಲ ಗುಟ್ಟು ಬಿಟ್ಟ. ಮದುವೆಯ ವರ್ಷ ಆಚರಿಸುವವರಿಗೆ ಆ ರೆಸಾರ್ಟಿನಲ್ಲಿ ಒಂದು ಪ್ಯಾಕೇಜು ಇತ್ತಂತೆ. ಕೇಕಿನ ಜೊತೆಗೆ ಸುರಗಿ. ನಮ್ಮ ಕಡೆ ಮದುವೆಯಲ್ಲಿ ನಾಲ್ಕು ಮೂಲೆಗೆ ನಾಲ್ಕು ತಂಬಿಗೆ ಇಟ್ಟು, ಅವುಗಳ ಸುತ್ತ ಬಿಳಿ ನೂಲು ಸುತ್ತಿ, ನಡುವೆ ಮಣೆಯ ಮೇಲೆ ಮದುಮಕ್ಕಳನ್ನು ಕೂರಿಸಿ ಐದು ಮಂದಿ ಮುತ್ತೈದೆಯರು ನೀರು ಹಾಕುತ್ತಾರಲ್ಲ, ಅದೇ. ಹುಲ್ಲುಹಾಸಿನ ಮೇಲೆ ಅದನ್ನೆಲ್ಲ ಜೋಡಿಸಿದ್ದರು. ನಡುವೆ ಒಂದು ಉದ್ದನೆಯ ಮಣೆ, ಪಕ್ಕದಲ್ಲಿ ಹಂಡೆಯ ತುಂಬ ಬಿಸಿನೀರು. ಉಸ್ತುವಾರಿಗೆ ಇದ್ದವಳು ಭಾಗ್ಯಜ್ಯೋತಿ ಎಂಬ ಚುರುಕಾದ ಹುಡುಗಿ, ಕೊರಳಲ್ಲಿ ಗುರುತಿನ ಚೀಟಿ, ಕೈಯಲ್ಲಿ ಮೈಕು.

ನಾಚಿಕೆಯಾಗುತ್ತಿದ್ದರೂ ಕುಳಿತೆ. ವಿದ್ಯಾವತಿ ಪಕ್ಕದಲ್ಲಿ ಕುಳಿತಳು. ಭಾಗ್ಯಜ್ಯೋತಿ ಮೈಕಿನಲ್ಲಿ ಮುತ್ತೈದೆಯರನ್ನು ಕರೆದಳು. ನೀರು ಹಾಕಿ ಹರಸಲು ನಮ್ಮ ಕಡೆಯವರನ್ನು ಎರಡು ಸಲ ಕರೆಯಬೇಕಾಗಿಲ್ಲ. ಸಿಂದಗಿಯವರು ಇಬ್ಬರು, ಬಾಗೇವಾಡಿಯವರು ಇಬ್ಬರು, ಒದ್ದೆ ಬಟ್ಟೆಯಲ್ಲೇ ಸೆರಗು, ವೇಲು ತಲೆಗೆ ಎಳೆದುಕೊಂಡು ಬಂದು ನಿಂತರು. ನಾಲ್ಕಾದರು. ಐದನೆಯವಳಿಗಾಗಿ ಹುಡುಗಿ ಸುತ್ತ ಕಣ್ಣಾಡಿಸಿ, ಟವೆಲ್ ಹೊದ್ದು ನಿಂತಿದ್ದ ಭುವನೇಶ್ವರಿಯ ಕೈಗೆ ತಂಬಿಗೆ ಕೊಟ್ಟಳು.

“ಅಕ್ಕಾರ, ನೀವ ಬರ್ರಿ. ಮನಿಯವರ ಇದ್ದೀರಿ.”

ಆ ಹುಡುಗಿಗೆ ಗೊತ್ತಿರಲಿಲ್ಲ. ಅವಳದೇನೂ ತಪ್ಪಿಲ್ಲ. ಆದರೆ ಅವ್ವ ಕುರ್ಚಿಯಿಂದ ಅರ್ಧ ಎದ್ದಳು.

“ಆಕಿ ಬ್ಯಾಡವಾ. ಆಕಿಗೆ ಬರಂಗಿಲ್ಲ. ಬ್ಯಾರೆದಾರನ್ನ ಕರಿ.”

ಸಿಂದಗಿಯ ಹೆಂಗಸರು ಭುವನೇಶ್ವರಿಯ ಬರಿಗೊರಳನ್ನು ನೋಡಿ ಬೇರೆ ಕಡೆ ಮುಖ ತಿರುಗಿಸಿದರು. ಅನಿಲನ ಮುಖ ಬಿಳಿಚಿಕೊಂಡಿತ್ತು. ನನ್ನ ಕಡೆ ನೋಡಿದ, ಏನಾದರೂ ಹೇಳಲಿ ಎಂದು. ಇಂಥಲ್ಲಿ ಮಾತಾಡುವುದು ಮನೆಯ ಹಿರಿಯನ ಕೆಲಸ. ನಾನೋ ಬಿಸಿಲಲ್ಲಿ ಸುತ್ತಿದ ನೂಲನ್ನು ನೋಡುತ್ತ ಕುಳಿತೆ, ಅದಕ್ಕೆ ನನಗೆ ಇಂದಿಗೂ ನಾಚಿಕೆಯಿದೆ.

ಭುವನೇಶ್ವರಿ ತಂಬಿಗೆಯನ್ನು ಹುಲ್ಲಿನ ಮೇಲೆ ಇಟ್ಟಳು. ದನಿ ಏರಿಸಲಿಲ್ಲ.

“ಹೌದ್ರಿ ಅತ್ಯಾರ, ನಾ ನೀರ ಹಾಕಾಂಗಿಲ್ಲ. ಇವತ್ತ ನಂದೂ ಮದಿವಿ ಆದ ದಿನ. ನನಗೂ ಯಾರರ ಹಾಕಬೇಕು.”

ಮೈಕು ಹಿಡಿದ ಹುಡುಗಿ ಅದನ್ನು ಬೆನ್ನ ಹಿಂದೆ ಸರಿಸಿಕೊಂಡಳು.

“ಅವರು ಹೋದ ದಿನಾ ವರ್ಷಾ ತಪ್ಪದ ಅಯ್ಯನವರನ್ನ ಕರೀತೀರಿ, ಎಡಿ ಹಿಡೀತೀರಿ,” ಅಂದಳು ಭುವನೇಶ್ವರಿ. ಮಾತು ಅವ್ವನಿಗಿತ್ತು, ಕಣ್ಣು ನನ್ನ ಮೇಲಿತ್ತು. “ಅವರು ನನ್ನ ಕೈ ಹಿಡದ ದಿನಾ ಒಬ್ಬರೂ ನೆನಸಲಿಲ್ಲ. ಮಾವಾರು ಬ್ಯಾಳಿ ಸಾರಿಗೆ ಹಾಕಂದಾಗ ನಾ ಅಲ್ಲೇ ಬಾಗಲದಾಗ ನಿಂತಿದ್ದೆ. ಬಾಯಾಗ ಅನ್ನಲಿಲ್ಲ. ನನ್ನ ಸಲುವಾಗಿ ಮಾಡತಾರ ಅಂತ ಒಂಬತ್ತು ವರ್ಷ ಸುಮ್ಮನಾದೆ. ನನಗ ಅದು ಬೇಕಾಗಿರಲಿಲ್ರಿ. ನೀವು ಹೋಳಿಗಿ ಮಾಡಿದ್ರ ನನಗೂ ಒಂದು ಸಿಗತಿತ್ತು.”

ವಿದ್ಯಾವತಿ ನನ್ನ ಪಕ್ಕದಲ್ಲಿ ಸದ್ದಿಲ್ಲದೆ ಅಳತೊಡಗಿದಳು. ಅಳಬಾರದು ಎಂದು ನಾನು ಕಾದದ್ದು ಯಾರನ್ನೋ, ಅತ್ತವರು ಯಾರೋ. ಭುವನೇಶ್ವರಿಯ ಕಣ್ಣು ಒಣಗಿತ್ತು.

ಅವ್ವ ಭುವನೇಶ್ವರಿಯ ಕಡೆ ತಿರುಗಿದಳು. “ಅವಾ ಇದ್ದದ್ದ ಹದಿನಾರ ವರ್ಷ, ತಂಗಿ.”

“ಅವರಿಗೆ ಹದಿನಾರು. ನನಗ ಇಪ್ಪತ್ತೈದ ಆತ್ರಿ. ಅವರು ಹೋದ್ರು. ನಾ ಮದಿವಿ ಬಿಟ್ಟಿಲ್ಲ.”

ಇಷ್ಟು ಹೇಳಿ ನೂಲು ದಾಟಿ ಒಳಗೆ ಬಂದು, ವಿದ್ಯಾವತಿಯ ಆಚೆ ಬದಿಗೆ ಮಣೆಯ ತುದಿಯಲ್ಲಿ ಕುಳಿತಳು. ವಿದ್ಯಾವತಿ ನನ್ನ ಕಡೆಗೆ ಸರಿದಳು, ನಾನು ಇನ್ನಷ್ಟು ಸರಿದೆ. ಆದರೂ ಭುವನೇಶ್ವರಿ ಅಕ್ಕನಿಗೆ ಹತ್ತಿಕೊಂಡೇ ಕುಳಿತಳು, ತನ್ನ ಬಲಕ್ಕೆ ಇನ್ನೊಬ್ಬರು ಕೂರುವಷ್ಟು ಜಾಗ ಬಿಟ್ಟು. ನಾವು ನಾಲ್ವರೂ ಮದುವೆಯಲ್ಲಿ ಹೀಗೆಯೇ ಸಾಲಾಗಿ ಕುಳಿತಿದ್ದೆವು. ನನಗೆ ಅಳು ಬಂತು, ಎಲ್ಲರೆದುರು ಬಂತು. ಒರೆಸಿಕೊಳ್ಳಲು ಹೋಗಲಿಲ್ಲ.

“ತಪ್ಪ ನಂದು, ಭುವನಾ,” ಅಂದೆ. ಅವಳು ತಲೆಯಾಡಿಸಿದಳು, ಹೌದು ಎಂಬಂತೆ.

ನೀರು ಹಾಕಲು ಬಂದ ಹೆಂಗಸರು ಹಾಕಬೇಕೋ ಬೇಡವೋ ತಿಳಿಯದೆ ತಂಬಿಗೆ ಹಿಡಿದು ನಿಂತಿದ್ದರು. ಬಾಗೇವಾಡಿಯ ಒಬ್ಬಳು ಅವ್ವನ ಮುಖ ನೋಡಿದಳು. ಅವ್ವ ಕುರ್ಚಿಯ ಕೈ ಹಿಡಿದು ಪೂರಾ ಎದ್ದಳು. ಅನಿಲ ಓಡಿಬಂದು ಹಿಡಿಯಹೋದ, ಅವನ ಕೈ ಕೊಡವಿದಳು. ಗಂಡ ಸತ್ತ ಮೇಲಿನ ಮೂವತ್ತು ವರ್ಷ ಅವ್ವ ಒಂದು ಸುರಗಿಯ ಹತ್ತಿರವೂ ಸುಳಿದಿರಲಿಲ್ಲ. ನನ್ನದೂ ಸಿದ್ದಲಿಂಗನದೂ ಸೇರಿ, ಹಡೆದ ಎರಡೂ ಮಕ್ಕಳ ಮದುವೆಯಲ್ಲಿ, ಕೋಣೆಯ ಒಳಗೆ ಕದ ಮುಂದೆ ಮಾಡಿಕೊಂಡು ಕುಳಿತಿದ್ದಳು. ಈಗ ಹುಲ್ಲಿನ ಮೇಲೆ ಸಣ್ಣ ಸಣ್ಣ ಹೆಜ್ಜೆ ಇಟ್ಟು ಬಂದು ಭಾಗ್ಯಜ್ಯೋತಿಯ ಮುಂದೆ ಕೈ ಚಾಚಿದಳು.

“ನೀರ ಬೆಚ್ಚಗ ಅದಾವೇನ? ಇಕಿಗೆ ತಣ್ಣೀರ ಆಗಿಬರಂಗಿಲ್ಲ, ಕೆಮ್ಮತಾಳ.”

ಹುಡುಗಿ ಹಂಡೆಯಿಂದ ತಂಬಿಗೆ ತುಂಬಿಕೊಟ್ಟಳು. ಅವ್ವ ಬೆರಳದ್ದಿ ನೋಡಿ, ಮೊದಲು ಕಿರಿಯ ಸೊಸೆಯ ತಲೆಯ ಮೇಲೆ ಹಾಕಿದಳು. ನೀರು ಇಳಿದುಹೋಗುವವರೆಗೆ ಅವಳ ನೆತ್ತಿಯ ಮೇಲೆ ಅಂಗೈ ಇಟ್ಟು ನಿಂತಿದ್ದಳು. ಆಮೇಲೆ ಖಾಲಿ ತಂಬಿಗೆಯನ್ನು ಮತ್ತೆ ಹುಡುಗಿಯ ಕಡೆ ಚಾಚಿ, ತುಂಬಿಸಿಕೊಂಡು, ಮಣೆಯ ಮೇಲೆ ಉಳಿದಿದ್ದ ಜಾಗವನ್ನು ಒಂದು ಗಳಿಗೆ ನೋಡಿದಳು.

“ಅವನ ಪಾಲಿನ ನೀರೂ ನಿನಗ ಹಾಕತೇನಿ,” ಅಂದಳು. “ತಲಿ ಬಗ್ಗಸು.”

ಭುವನೇಶ್ವರಿ ತಲೆ ಬಗ್ಗಿಸಿದಳು.