ಧರೆಪ್ಪನ ರಕ್ತ, ಯಾರದೋ ಅಳತೆ

ಮೂರು ದಿನದಿಂದ ವಳಸಂಗದ ಧರೆಪ್ಪ ಕಂಬಳಿ ಹೊದ್ದು ಮಲಗಿದ್ದ. ಜ್ವರವಿಲ್ಲ, ಕೆಮ್ಮಿಲ್ಲ. ಇದ್ದದ್ದು ಒಂದು ಕಾಗದ. ಊರಿಗೆ ಬಂದಿದ್ದ ತಪಾಸಣೆ ಶಿಬಿರದವರು ರಕ್ತ ತೆಗೆದು ಕೊಟ್ಟ ರಿಪೋರ್ಟು. ಬಿಳಿ ರಕ್ತಕಣದ ಮುಂದೆ ‘ಕಡಿಮೆ’ ಎಂಬ ಕೆಂಪು ಗುರುತು. ಅಷ್ಟಕ್ಕೇ, ದಿನವಿಡೀ ಕುರಿಗಳ ಹಿಂದೆ ನಡೆಯುವ ಗಂಡಸು, ತನ್ನ ಕಥೆ ಮುಗಿಯಿತೆಂದು, ಇದ್ದ ಎಂಬತ್ತು ಕುರಿಗಳನ್ನೂ ಮಾರಲು ವ್ಯಾಪಾರಿಗೆ ಹೇಳಿಕಳಿಸಿದ್ದ.

ಹೆಂಡತಿ ಗಂಗುಬಾಯಿಗೆ ಬಂದ ಸಿಟ್ಟಿಗೆ ರೊಟ್ಟಿ ಒಲೆಯಿಲ್ಲದೆ ಬೇಯುತ್ತಿತ್ತು. ಆ ಎಂಬತ್ತರಲ್ಲಿ ಒಂದೊಂದರ ಮುಖವೂ ಅವಳಿಗೆ ಗೊತ್ತು.

“ನಾಕು ರೊಟ್ಟಿ ತಿಂದು ಮಕ್ಕೊಂಡಾರ ನೋಡವಾ, ನಮ್ಮ ರೋಗಿಷ್ಟರು!” ಎಂದು ಆಶಾ ಕಾರ್ಯಕರ್ತೆ ಸಾರಿಕಾಳನ್ನು ಕರೆತಂದಳು.

ಸಾರಿಕಾ ಕಾಗದ ನೋಡಿದಳು. “ಕಾಕಾ, ಇಲ್ಲಿ ಬಾಜೂಕ ‘ಇಷ್ಟಿರಬೇಕು’ ಅಂತ ಬರದ ಅಳತಿ ಯಾವ ಮಂದಿ ರಕ್ತ ನೋಡಿ ಮಾಡ್ಯಾರ, ಕೇಳಿದ್ರೇನು? ಬ್ಯಾರೆ ಬ್ಯಾರೆ ನಾಡಿನ, ವಂಶದ ಮಂದಿಗೆ ಆರಾಮ ಇದ್ದಾಗೂ ಅಂಕಿ ಒಂದೇ ಇರೂದಿಲ್ರಿ.”

“ಛಾಪಿಸಿದ್ದು ಸುಳ್ಳಾಗತೈತೇನು?” ಎಂದಿತು ಕಂಬಳಿ.

ಅಷ್ಟರಲ್ಲಿ ವ್ಯಾಪಾರಿ ಕಾಮಣ್ಣ ಬಂದು ಹಟ್ಟಿ ನೋಡಿದ. “ಮಾಡಗ್ಯಾಳ ತಳಿ ಕುರಿ ಎಷ್ಟ ಎತ್ತರ, ಎಷ್ಟ ತೂಕ! ಇವು ರೋಗದ ಕುರಿ ಬಿಡು.”

ಕಂಬಳಿ ಹಾರಿತು. ರೋಗಿ ಅಂಗಳದಲ್ಲಿದ್ದ.

“ಏ ಕಾಮಣ್ಣಾ! ನಮ್ಮ ಕರಿ ಕುರಿಗೆ ಮಾಡಗ್ಯಾಳದ ಅಳತಿ ಹಚ್ಚತೀಯೇನಲೇ? ಇದರ ತಳೀನ ಗಿಡ್ಡ. ರೋಗ ಕುರಿಗಿಲ್ಲ, ನಿನ್ನ ಕಣ್ಣಿಗೈತಿ. ನಡಿ ಹೊರಗ!”

ಗಂಗುಬಾಯಿ ಸೊಂಟದ ಮೇಲೆ ಕೈಯಿಟ್ಟಳು. “ಕುರಿಗೆ ಹೇಳಿದ ನ್ಯಾಯ ನಿಮ್ಮ ರಕ್ತಕ್ಕಿಲ್ಲೇನ್ರಿ?”

ಧರೆಪ್ಪ ಕಂಬಳಿ ಹೆಕ್ಕಿ ಮಡಚತೊಡಗಿದ.

“ಆದ್ರೂ ಡಾಕ್ಟರಿಗೆ ತೋರಸೂಣ್ರಿ,” ಎಂದಳು ಸಾರಿಕಾ. “ಒಮ್ಮೊಮ್ಮೆ ಆ ಗುರುತು ಖರೇನೂ ಇರತೈತಿ.”

ಗಂಗುಬಾಯಿ ಟ್ರಂಕಿನಿಂದ ಗಂಡನ ಹಳೆಯ ಆಪರೇಷನ್ನಿನ ಫೈಲು ತೆಗೆದಳು. ಆಸ್ಪತ್ರೆಯಲ್ಲಿ ಡಾಕ್ಟರು ಮೈ ಪರೀಕ್ಷಿಸಿ, ಮತ್ತೆ ರಕ್ತ ನೋಡಿ, ಫೈಲು ತಿರುವಿದರು. ಆರು ವರ್ಷದ ಹಿಂದೆಯೂ ಹೆಚ್ಚುಕಡಿಮೆ ಅದೇ ಅಂಕಿ! “ಇದು ನಿಮ್ಮ ಮೈಯ ರೂಢಿ. ರೋಗವಲ್ಲ.”

“ಈ ಮಾತ ಶಿಬಿರದಾಗ ಹೇಳಾಕ ಅವರ ನಾಲಿಗಿ ಬಿದ್ದಿತ್ತೇನು?” ಎಂದು ಗುಡುಗಿದಳು ಗಂಗುಬಾಯಿ. ಕುರಿ ಹಟ್ಟಿಯಲ್ಲೇ ಉಳಿದವು. ಸಿಟ್ಟು ಇನ್ನೂ ಇಳಿದಿಲ್ಲ.

ಇಳಿಯಲೂ ಬಾರದು. ನಿಮ್ಮ ರಿಪೋರ್ಟಿನಲ್ಲಿ ಗುರುತು ಕಂಡರೆ ಕಂಬಳಿ ಹೊದೆಯಬೇಡಿ, ಕಾಗದವನ್ನು ಒಲೆಗೂ ಹಾಕಬೇಡಿ. ಹಳೆಯ ರಿಪೋರ್ಟುಗಳನ್ನು ಹಿಡಿದು ಡಾಕ್ಟರರ ಮುಂದೆ ಕೂತು ಕೇಳಿ: ಈ ಅಳತೆ ಯಾರದು? ನನಗೆ ಹೊಂದುತ್ತದೆಯೇ? ಕೇಳಲು ಸಂಕೋಚವಾದರೆ ಗಂಗುಬಾಯಿಯಿಂದ ಸ್ವಲ್ಪ ಸಿಟ್ಟು ಕಡ ತನ್ನಿ. ರಕ್ತ ನಿಮ್ಮದು.