ಎಡಗೈ ಬಂಟನ ಸಾವು

ಆ ಊರಿಗೂ ಒಂದು ಹೆಸರಿತ್ತು. ಯುದ್ಧ ಶುರುವಾದ ಮೇಲೆ ಅದು ಯಾರ ಬಾಯಲ್ಲೂ ಉಳಿಯಲಿಲ್ಲ. ಎಲ್ಲರೂ ಹಗ್ಗದೂರು ಎನ್ನತೊಡಗಿದರು. ಫಿರಂಗಿ ಎಳೆಯಲು ಹಗ್ಗ, ಡೇರೆ ಬಿಗಿಯಲು ಹಗ್ಗ, ಸೆರೆಸಿಕ್ಕವರ ಕೈ ಕಟ್ಟಲು ಹಗ್ಗ. ಅರಸನಿಗೆ ಎಷ್ಟು ಹೊಸೆದುಕೊಟ್ಟರೂ ಸಾಲುತ್ತಿರಲಿಲ್ಲ. ಗಂಡಸರೆಲ್ಲ ದಂಡಿಗೆ ಹೋಗಿದ್ದರಿಂದ ಆ ಕೆಲಸ ಹೆಂಗಸರ ಪಾಲಿಗೆ ಬಂತು. ಊರ ಮುಂದಿನ ಬಯಲಿನಲ್ಲಿ ಒಬ್ಬಳು ರಾಟೆ ತಿರುಗಿಸುತ್ತಿದ್ದಳು. ಉಳಿದವರು ಸೊಂಟಕ್ಕೆ ಪುಂಡಿನಾರು ಸುತ್ತಿಕೊಂಡು, ಎಳೆ ಎಳೆಯಾಗಿ ಬಿಡುತ್ತ ಹಿಂದು ಹಿಂದಕ್ಕೆ ನಡೆಯುತ್ತಿದ್ದರು. ಯಾರಾದರೂ ನಡುವೆ ಕೈಬಿಟ್ಟರೆ ಹುರಿ ಬಿಚ್ಚಿಕೊಂಡು ಅಷ್ಟುದ್ದದ ಕೆಲಸವೂ ಹಾಳು.

ಅದಕ್ಕೇ ಅಲ್ಲೊಂದು ಪದ್ಧತಿ. ಸಾವಿನ ಸುದ್ದಿಯನ್ನು ಆ ಊರಿನಲ್ಲಿ ಯಾರೂ ನೇರವಾಗಿ ಹೇಳುತ್ತಿರಲಿಲ್ಲ. ಬಯಲಿನ ಬೇವಿನ ಮರದಡಿ ಒಬ್ಬ ಕಥೆಯಜ್ಜ ಕೂತು, ದುಡಿಯುವವರಿಗೆ ಬೇಸರವಾಗದಿರಲಿ ಎಂದು ದಿನವಿಡೀ ಕಥೆ ಹೇಳುತ್ತಿದ್ದ. ರಣದಿಂದ ಬಂದ ಸುದ್ದಿಗಾರ ನೆಟ್ಟಗೆ ಅವನ ಹತ್ತಿರ ಹೋಗಿ, ಕಿವಿಯಲ್ಲಿ ಹೇಳಿ ಹೊರಟುಬಿಡಬೇಕು. ಬೇರೆ ಯಾರೂ, ಎಷ್ಟೇ ದೊಡ್ಡವರಾಗಲಿ, ಸುದ್ದಿಗಾರನನ್ನು ಮಾತಾಡಿಸುವಂತಿರಲಿಲ್ಲ. ಮಾತಾಡಿಸಿದರೆ ಅಪಶಕುನ. ದಂಡಿಗೆ ಹೋದ ಒಬ್ಬೊಬ್ಬನಿಗೂ ಅಜ್ಜನ ಕಥೆಯಲ್ಲಿ ಒಬ್ಬೊಬ್ಬ ಬಂಟನಿದ್ದ. ತೊದಲುವವನಿಗೆ ತೊದಲು ಬಂಟ, ಮೆಳ್ಳಗಣ್ಣಿನವನಿಗೆ ಮೆಳ್ಳ ಬಂಟ. ಕಥೆಯಲ್ಲಿ ಯಾವ ಬಂಟ ಸತ್ತನೋ ಅವನ ಮನೆಯವಳಿಗೆ ತಿಳಿಯುತ್ತಿತ್ತು. ಅವಳು ಅಳುತ್ತಲೇ ತನ್ನ ಹಗ್ಗವನ್ನು ಕೊನೆ ಮುಟ್ಟಿಸಿ, ಗಂಟು ಹಾಕಿ, ಆಮೇಲೆ ನೆಲಕ್ಕೆ ಕೂರುತ್ತಿದ್ದಳು. ಉಳಿದವರು ಬಂದು ತಬ್ಬಿಕೊಳ್ಳುತ್ತಿದ್ದರು. ಕ್ರೂರ ಪದ್ಧತಿ ಅನ್ನಿ ಬೇಕಾದರೆ, ಆದರೆ ಅಳುವುದಕ್ಕೆ ಒಂದು ಹೊತ್ತು, ಒಂದು ಜಾಗ ಅಂತ ಇತ್ತು.

ಯುದ್ಧ ಬೆಳೆಯಿತು. ಕೂತು ಅಳುವವರು ಹೆಚ್ಚಿದರು, ಹಗ್ಗ ಕಡಿಮೆಯಾಯಿತು. ಊರನ್ನು ನೋಡಿಕೊಳ್ಳುತ್ತಿದ್ದ ಅಮಲ್ದಾರ ಒಂದು ದಿನ ಅಜ್ಜನ ಮುಂದೆ ಬಂದು ನಿಂತ.

"ಅಜ್ಜಾ, ಇವತ್ತಿನಿಂದ ನಿನ್ನ ಕಥೆಯಲ್ಲಿ ಯಾರೂ ಸಾಯಕೂಡದು."

"ಸುದ್ದಿ ಬಂದರೆ ಏನು ಮಾಡ್ಲಿ ದಣಿ?"

"ನುಂಗಿಕೊ. ಯಾರಿಗೂ ಹೇಳಬೇಡ. ಜನಕ್ಕೆ ಬೇಕಾಗಿರೋದು ಧೈರ್ಯ, ಸುದ್ದಿಯಲ್ಲ."

ಅಜ್ಜನಿಗೂ ಹೊಟ್ಟೆಪಾಡು. ನುಂಗಿಕೊಂಡ. ಅಂದಿನಿಂದ ಬಂಟರು ಸಾಯುವುದನ್ನೇ ಮರೆತರು. ಬಾಣ ಚುಚ್ಚಿದರೆ ಕಿತ್ತು ಹಲ್ಲುಕಡ್ಡಿ ಮಾಡಿಕೊಂಡರು. ಅನ್ನವಿಲ್ಲದಿದ್ದರೆ ಗಾಳಿ ಕುಡಿದು ತೇಗಿದರು. ಹೆಂಗಸರು ಮೊದಮೊದಲು ಹಿಗ್ಗಿದರು. ಬರಬರುತ್ತ ಒಬ್ಬರ ಮುಖ ಒಬ್ಬರು ನೋಡಿಕೊಳ್ಳತೊಡಗಿದರು. ಆದರೂ ಯಾರೂ ಅಜ್ಜನನ್ನು ಕೆದಕಲಿಲ್ಲ. ಕೆದಕಿದರೆ ಏನು ಹೊರಬೀಳುತ್ತದೋ ಎಂಬ ಭಯ ಎಲ್ಲರಿಗೂ ಇತ್ತು.

ಆ ಹೆಂಗಸರಲ್ಲಿ ಹುಲಿಗೆವ್ವ ಒಬ್ಬಳು. ಅವಳ ಗಂಡ ಕೊಟ್ರ ಉಣ್ಣುವುದೊಂದು ಬಿಟ್ಟು ಮಿಕ್ಕಿದ್ದೆಲ್ಲ ಎಡಗೈಯಲ್ಲಿ ಮಾಡುವವನು. ಹಾಗಾಗಿ ಕಥೆಯಲ್ಲಿ ಅವನು ಎಡಗೈ ಬಂಟ. ಅವನ ಪ್ರತಾಪ ಹೇಳತೀರದು. ಆನೆಯ ಸೊಂಡಿಲನ್ನು ಎಡಗೈಯಲ್ಲೇ ತಿರುಚಿದ, ಹೊಳೆಯನ್ನು ಎಡಗೈಯಲ್ಲೇ ತಡೆದ. ಹುಲಿಗೆವ್ವನಿಗೆ ಕೇಳುತ್ತ ನಗು ಬರುತ್ತಿತ್ತು. ಮನೆಯ ಹಲ್ಲಿಗೆ ಹೆದರಿ ಹೊರಗೆ ಮಲಗುತ್ತಿದ್ದ ಮನುಷ್ಯ ಅವನು! ನಗು ಬಂದ ಮೇಲೆ ಅಳುವೂ ಬರುತ್ತಿತ್ತು. ಅವಳಿಗೆ ಬಂಟ ಬೇಕಿರಲಿಲ್ಲ, ಹಲ್ಲಿಗೆ ಹೆದರುವವನೇ ಬೇಕಿತ್ತು.

ಒಂದು ಬೆಳಗ್ಗೆ ಅಜ್ಜ ಎಡಗೈ ಬಂಟನನ್ನು ವೈರಿಯ ಕೋಟೆಯ ನೆತ್ತಿಗೇ ಹತ್ತಿಸಿದ್ದ. ಹುಲಿಗೆವ್ವ ನಾರು ಬಿಡುತ್ತ ಹಿಂದಕ್ಕೆ ನಡೆಯುತ್ತಿದ್ದವಳು ಯಾರಿಗೋ ಬೆನ್ನು ತಗುಲಿ ತಿರುಗಿದಳು. ಕೊಟ್ರ ನಿಂತಿದ್ದ. ಗಡ್ಡ ಎದೆಗಿಳಿದಿತ್ತು. ಎಡಗೈ ಭುಜದಿಂದಲೇ ಇರಲಿಲ್ಲ.

ಅವಳ ಕೈ ಸಡಿಲವಾಯಿತು. "ಹುಲಿಗೀ, ಹಗ್ಗ ಬಿಡಬ್ಯಾಡ," ಎಂದ ಅವನು ಮೆಲ್ಲಗೆ.

ಅಷ್ಟರಲ್ಲಿ ಅಮಲ್ದಾರ ಬಂದ. ಕೊಟ್ರ ಇದ್ದದ್ದನ್ನೇ ಹೇಳಿದ. ಕೈ ಹೋಯಿತು, ಸತ್ತನೆಂದು ಬಿಟ್ಟುಹೋದರು, ಎಚ್ಚರವಾದ ಮೇಲೆ ಊರಿನ ದಾರಿ ಹಿಡಿದೆ. ಅಮಲ್ದಾರ ತಲೆಯಾಡಿಸಿದ.

"ಎಡಗೈ ಬಂಟ ಕೋಟೆ ಮೇಲೆ ಕಾದಾಡ್ತಿದ್ದಾನೆ, ಇಡೀ ಊರೇ ಕೇಳಿದೆ. ನೀನೇ ಅವನಾದರೆ ರಣದಿಂದ ಓಡಿಬಂದವನು, ನಿನಗೆ ನೇಣು. ಅವನಲ್ಲದಿದ್ದರೆ ಯಾರೋ ತಿರುಕ, ಗಡಿಯಾಚೆ ಅಟ್ಟುತ್ತೇನೆ. ನಾಳೆ ಮಧ್ಯಾಹ್ನ ಬರ್ತೀನಿ. ಇವನು ಯಾರು ಅಂತ ನೀನೇ ಹೇಳಬೇಕು, ಹುಲಿಗೆವ್ವಾ."

ಕೊಟ್ರನನ್ನು ಚಾವಡಿಗೆ ಎಳೆದೊಯ್ದರು. ಹುಲಿಗೆವ್ವ ಹಗ್ಗಕ್ಕೆ ಗಂಟು ಹಾಕಿದವಳೇ ಬೇವಿನ ಮರದಡಿಗೆ ಓಡಿದಳು.

"ಅಜ್ಜಾ, ಆ ಬಂಟನನ್ನ ಸಾಯಿಸಿಬಿಡು."

ಅಜ್ಜ ಬಾಯಲ್ಲಿದ್ದ ಎಲೆಯಡಿಕೆ ಉಗುಳಿದ. "ಬಿಡ್ತು ಅನ್ನು! ಗಂಡನ ಸಾವು ಬೇಡ್ತಾರೇನವ್ವ?"

"ಗಂಡ ಉಳೀಲಿ ಅಂತಾನೇ ಬೇಡ್ತಿದ್ದೀನಿ. ಕೋಟೆ ಮೇಲಿನವನು ಬದುಕಿರೋ ತನಕ ಚಾವಡಿಯಲ್ಲಿರೋನು ಬದುಕೋ ಹಾಗಿಲ್ಲ."

"ನನ್ನ ಹೊಟ್ಟೆ ಮೇಲೆ ಹೊಡೀಬೇಡ, ತಾಯಿ," ಎಂದು ಅಜ್ಜ ಮುಖ ತಿರುಗಿಸಿದ.

ಮರುದಿನ ಕಥೆ ಮುಂದುವರಿಯಿತು. ಎಡಗೈ ಬಂಟ ಕೋಟೆಯ ಮೇಲೆ ನೂರು ಜನರ ನಡುವೆ ಒಬ್ಬನೇ ನಿಂತಿದ್ದ. ಅಜ್ಜ ಸುಣ್ಣ ಹಚ್ಚಲು ಎಲೆ ಕೈಗೆತ್ತಿಕೊಂಡು ಮಾತು ನಿಲ್ಲಿಸಿದ್ದೇ ತಡ, ನಾರಿನ ಸಾಲಿನಿಂದ ಹುಲಿಗೆವ್ವನ ದನಿ ಕೇಳಿತು. ಆ ಬಯಲಿನಲ್ಲಿ ಅಜ್ಜನಲ್ಲದೆ ಇನ್ನೊಬ್ಬರು ಕಥೆ ಹೇಳಿದ್ದು ಅದೇ ಮೊದಲು.

"ಆಗ ಬಂಟನಿಗೆ ಬಾಯಾರಿತು," ಎಂದಳು. "ನೀರು ನೀರು ಅಂದ. ಯಾರೂ ಕೊಡಲಿಲ್ಲ. ಎಳೇ ಹುಡುಗನೊಬ್ಬ ಅವನಷ್ಟೇ ಹೆದರಿಕೊಂಡು ಬಂದು ಭರ್ಜಿಯಲ್ಲಿ ತಿವಿದ. ಬಂಟ ಅವ್ವಾ ಅಂದ. ಕೋಟೆಯ ಮೇಲೇ ಬಿದ್ದ. ಸತ್ತ."

ಹುಲಿಗೆವ್ವ ಹಗ್ಗವನ್ನು ಕೊನೆ ಮುಟ್ಟಿಸಿ, ಗಂಟು ಹಾಕಿ, ನೆಲಕ್ಕೆ ಕೂತಳು. ಸುಳ್ಳುಸುಳ್ಳೇ ಅಳಬೇಕೆಂದುಕೊಂಡಿದ್ದವಳಿಗೆ ನಿಜವಾಗಿಯೂ ದುಃಖ ಉಕ್ಕಿ ಬಂತು. ಹೋದ ಕೈಗೆ, ಅವನು ಪಟ್ಟ ಪಾಡಿಗೆ, ಇಷ್ಟು ದಿನ ತಾನು ಅದುಮಿಟ್ಟ ಭಯಕ್ಕೆ ಎಲ್ಲಕ್ಕೂ ಸೇರಿಸಿ ಬಿಕ್ಕಿ ಬಿಕ್ಕಿ ಅತ್ತಳು.

ಮಧ್ಯಾಹ್ನ ಅಮಲ್ದಾರ ಕೊಟ್ರನನ್ನು ಮುಂದಿಟ್ಟುಕೊಂಡು ಬಂದ. ನಡೆದದ್ದು ಅಷ್ಟರಲ್ಲಾಗಲೇ ಅವನ ಕಿವಿಗೆ ಬಿದ್ದಿತ್ತು.

"ಎಡಗೈ ಬಂಟನನ್ನ ಕೊಂದವರು ಯಾರು?" ಎಂದು ಗುಡುಗಿದ.

"ನಾನಲ್ಲ ದಣಿ, ಯುದ್ಧ," ಎಂದಳು ಹುಲಿಗೆವ್ವ. "ಅರಸರಿಗಾಗಿ ಕೋಟೆ ಮೇಲೆ ಸತ್ತವನನ್ನ ಓಡಿಬಂದ ಅಂತ ನೇಣಿಗೆ ಹಾಕೋಕಾಗಲ್ಲ."

"ಹಾಗಾದ್ರೆ ಈ ಒಂಟಿಗೈಯವನು?"

"ಯಾರೋ ಬಡಪಾಯಿ. ರಾಟೆ ತಿರುಗಿಸೋಕೆ ಒಂದು ಕೈ ಸಾಕು. ಗಂಡ ಸತ್ತವಳು ನಾನು. ಉಡಿಕೆ ಮಾಡಿಕೊಂಡು ಇನ್ನೊಬ್ಬನ ಕೂಡ ಸಂಸಾರ ಹೂಡೋಕೆ ನಮ್ಮಲ್ಲಿ ಅಡ್ಡಿಯಿಲ್ಲ. ಇವನೇ ಆಗ್ತಾನೆ ಬಿಡಿ."

ಹೆಂಗಸರು ಸೆರಗು ಬಾಯಿಗೆ ಒತ್ತಿಕೊಂಡರು. ಅಮಲ್ದಾರ ಬೆತ್ತ ಎತ್ತಿದ. ಆಗ ಸಾಲಿನಲ್ಲಿದ್ದ ಹಣ್ಣುಹಣ್ಣು ಮುದುಕಿಯೊಬ್ಬಳು ಸೊಂಟದ ನಾರು ಬಿಚ್ಚಿ ಕೆಳಗಿಟ್ಟು, ಅಮಲ್ದಾರನ ಪಕ್ಕದಲ್ಲೇ ಹಾದು, ಅಜ್ಜನ ಮುಂದೆ ಹೋಗಿ ಕೂತಳು.

"ಬಂಟರು ಸಾಯ್ತಾರೆ ಅಂತ ಆತಲ್ಲಪ್ಪ," ಎಂದಳು. "ನನ್ನ ಮಗಂದೂ ಹೇಳಿಬಿಡು. ಸುತ್ತಿ ಬಳಸಬೇಡ, ಹಗ್ಗ ಆಗಲೇ ಬಿಟ್ಟು ಬಂದೀನಿ."

ಅಜ್ಜ ಅಮಲ್ದಾರನ ಕಡೆ ನೋಡಿದ. ಮುದುಕಿಯ ಕಡೆ ನೋಡಿದ. ಎಷ್ಟೋ ಕಾಲದಿಂದ ನುಂಗಿದ್ದು ಗಂಟಲಿಗೆ ಬಂದಿತ್ತು. ಬಗ್ಗಿ ಅವಳ ಕಿವಿಯಲ್ಲಿ ಹೇಳಿದ. ಮುದುಕಿ ಹೂಂಗುಟ್ಟಿದಳು. "ಹಾಗೇ ಅಂದ್ಕೊಂಡಿದ್ದೆ," ಎಂದು ಅಲ್ಲೇ ಮಣ್ಣಿನ ಮೇಲೆ ಒರಗಿದಳು. ಅವಳ ಹಿಂದೆ ಇನ್ನೊಬ್ಬಳು ಬಂದು ಕೂತಳು, ಅವಳ ಹಿಂದೆ ಮತ್ತೊಬ್ಬಳು. ರಾಟೆಯವಳೂ ಎದ್ದು ಬಂದಳು. ಕೆಲವರು ಅತ್ತರು, ಕೆಲವರು ಮಾತಿಲ್ಲದೆ ಮನೆಯ ಕಡೆ ನಡೆದರು. ಹುಲಿಗೆವ್ವ ಕೊಟ್ರನ ಬಲಗೈ ಹಿಡಿದುಕೊಂಡು ನಿಂತಿದ್ದಳು. ತನ್ನ ಸುಖಕ್ಕೆ ಅವಳಿಗೆ ನಾಚಿಕೆಯಾಯಿತು.

"ಏಳ್ರೀ! ಕೆಲಸಕ್ಕೆ ಏಳ್ರೀ!" ಎಂದು ಅಮಲ್ದಾರ ಕೂಗುತ್ತಲೇ ಇದ್ದ. ಕೂಗು ನಿಧಾನವಾಗಿ ತಗ್ಗಿತು. ಸಾಲು ಕರಗಿ ಕೊನೆಯವಳೂ ಎದ್ದುಹೋದಾಗ ಬಯಲಿನಲ್ಲಿ ಉಳಿದವರು ಅವನು, ಅಜ್ಜ ಮತ್ತು ಆ ಗಂಡಹೆಂಡಿರು. ಅಜ್ಜ ಚಾಪೆ ಸುತ್ತತೊಡಗಿದ. ಅಮಲ್ದಾರ ಆಚೀಚೆ ನೋಡಿ, ಬೆತ್ತವನ್ನು ಮರಕ್ಕೆ ಒರಗಿಸಿದ.

"ಅಜ್ಜಾ," ಎಂದ, "ನನ್ನ ಮಗನೂ ಕುದುರೆ ದಂಡಿನಲ್ಲಿದ್ದಾನೆ. ಮಾತಿಗೊಮ್ಮೆ ಉಗುರು ಕಚ್ಚೋನು. ಅವನ ಸುದ್ದಿ ಏನಾದ್ರೂ…"

ಅಜ್ಜ ಸುತ್ತಿದ ಚಾಪೆಯನ್ನು ಬಿಚ್ಚಿ ಮತ್ತೆ ಹಾಸಿದ. "ಕೂತ್ಕೊಳ್ಳಿ ದಣಿ," ಎಂದ.